ಕೆರೆಮನೆ ಮೇಳ: ತೊಂಬತ್ತು ವರ್ಷದ ತಿರುಗಾಟ

ಕೊಯ್ಲು ಮುಗಿದ ಗದ್ದೆಯ ಮೂಲೆಯಲ್ಲಿ ಅಡಿಕೆ ದಬ್ಬೆ ನೆಟ್ಟು, ಮಡಲಿನ ತಟ್ಟಿ ಕಟ್ಟಿದ ಚೌಕಿ. ಒಳಗೆ ಚಾಪೆಯ ಮೇಲೆ ವೇಷಧಾರಿಗಳು ಎರಡು ಸಾಲಾಗಿ ಕೂತಿದ್ದಾರೆ. ಒಬ್ಬೊಬ್ಬರ ಎದುರಿಗೂ ಪುಟ್ಟ ಕನ್ನಡಿ, ಕಲಸಿದ ಬಣ್ಣ, ಕಾಡಿಗೆ, ಇಂಗಳೀಕ. ತುದಿಯಲ್ಲಿ ಗಣಪತಿಯ ಪೆಟ್ಟಿಗೆ, ಅದರೆದುರು ದೀಪ. ಯಾರು ಒಳಗೆ ಬಂದರೂ ಮೊದಲು ಅಲ್ಲಿ ಕೈಮುಗಿದೇ ಮುಂದಿನ ಮಾತು. ರಾಜವೇಷದವನು ಮುಂಡಾಸು ಕಟ್ಟಲು ಶುರುಮಾಡಿದ್ದಾನೆ. ಬಟ್ಟೆಯ ಸುರುಳಿಗಳನ್ನು ತಲೆಗೆ ಕೂರಿಸಬೇಕು, ದಾರ ಬಿಗಿಯಬೇಕು, ಬಣ್ಣದ ಬಟ್ಟೆ ಸುತ್ತಬೇಕು, ಅದರ ಮೇಲೆ ಜರಿಪಟ್ಟಿಯನ್ನು ಸುತ್ತಿನ ಮೇಲೆ ಸುತ್ತು ಎಳೆದು ತಾವರೆ ಎಸಳಿನ ಆಕಾರ ಬರಿಸಬೇಕು. ಸಡಿಲವಾದರೆ ಕುಣಿತದ ನಡುವೆ ಬಿಚ್ಚುತ್ತದೆ. ಬಿಗಿ ಹೆಚ್ಚಾದರೆ ಅರ್ಧ ರಾತ್ರಿಗೆ ತಲೆ ಸಿಡಿಯುತ್ತದೆ. ಇಷ್ಟೆಲ್ಲ ಕಟ್ಟಿದ್ದನ್ನು ಬೆಳಿಗ್ಗೆ ಬಿಚ್ಚಿ ಪೆಟ್ಟಿಗೆಗೆ ಹಾಕಬೇಕು, ನಾಳೆ ಇನ್ನೊಂದು ಊರಿನಲ್ಲಿ ಮತ್ತೆ ಮೊದಲಿನಿಂದ ಕಟ್ಟಬೇಕು.

ಭಟ್ಕಳದಿಂದ ಕುಮಟೆಯವರೆಗಿನ ಕರಾವಳಿಯಲ್ಲಿ ಬೆಳೆದವರಿಗೆ ಈ ನೋಟ ಹೊಸದಲ್ಲ. ಆದರೆ ಬೆಳಗಾಗುತ್ತಲೇ ಪೆಟ್ಟಿಗೆ ಕಟ್ಟಿ ಹೊರಡುವ ಈ ತಂಡದ ಹೊಟ್ಟೆಪಾಡು ಹೇಗೆ ನಡೆಯುತ್ತದೆ, ಕಲಾವಿದನ ಕೈಗೆ ಹಣ ಎಲ್ಲಿಂದ ಬರುತ್ತದೆ, ಕೆಲವು ಮೇಳಗಳು ನಾಲ್ಕು ವರ್ಷಕ್ಕೇ ಮುಚ್ಚಿ ಕೆಲವು ನಾಲ್ಕು ತಲೆಮಾರು ಬಾಳುವುದು ಏಕೆ ಎಂಬುದು ಆಟ ನೋಡುವವರಲ್ಲೂ ಬಹಳ ಮಂದಿಗೆ ಅಷ್ಟಾಗಿ ಗೊತ್ತಿಲ್ಲ. ಹೊನ್ನಾವರ ತಾಲ್ಲೂಕಿನ ಗುಣವಂತೆಯ ಶ್ರೀ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ 1934ರಲ್ಲಿ ಹುಟ್ಟಿತು. ಜನರ ಬಾಯಲ್ಲಿ ಅದು ಕೆರೆಮನೆ ಮೇಳ. ಇವತ್ತಿಗೂ ರಂಗಸ್ಥಳದ ಮೇಲಿದೆ. ಒಂದು ಊರಿನ, ಒಂದು ಮನೆತನದ ತಂಡ ಇಷ್ಟು ಕಾಲ ಹೇಗೆ ಉಳಿಯಿತು ಎಂದು ಹುಡುಕಿದರೆ ಸಿಗುವ ಉತ್ತರದಲ್ಲಿ ಕಲೆಯಷ್ಟೇ ಪಾಲು ಹಣದ್ದೂ ಇದೆ.

ಕಾರ್ ಶೆಡ್ಡಿನ ತಂಡಗಳು

ಒಂದು ಸೀಮೆಯ ತಂಡ ಸಾಮಾನ್ಯವಾಗಿ ಎಷ್ಟು ಕಾಲ ಬಾಳುತ್ತದೆ ಎಂದು ತಿಳಿಯಲು ಮೊದಲು ಸ್ವಲ್ಪ ದೂರ ಹೋಗಿ ಬರೋಣ. 1964ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಬೀಟಲ್ಸ್ ತಂಡ ಅಮೆರಿಕದ ಟೀವಿಯಲ್ಲಿ ಹಾಡಿದ ಮೇಲೆ ಅಲ್ಲಿ ಊರೂರಿನ ಹುಡುಗರಿಗೆ ಗಿಟಾರ್ ಹುಚ್ಚು ಹತ್ತಿತು. ಮನೆಯ ಕಾರ್ ಶೆಡ್ಡೇ ಅಭ್ಯಾಸದ ಜಾಗವಾಯಿತು. ಈ ಒರಟು, ಗಟ್ಟಿ ದನಿಯ ಸಂಗೀತಕ್ಕೆ ಆಮೇಲೆ ಗ್ಯಾರೇಜ್ ರಾಕ್ ಎಂಬ ಹೆಸರು ಬಂತು. ನಿಜ ಹೇಳಬೇಕೆಂದರೆ ವಾಯವ್ಯ ಮೂಲೆಯ ವಾಷಿಂಗ್ಟನ್, ಒರೆಗಾನ್ ರಾಜ್ಯಗಳಲ್ಲಿ ಇದು ಬೀಟಲ್ಸ್‌ಗಿಂತ ಮೊದಲೇ ಶುರುವಾಗಿತ್ತು. ಪೋರ್ಟ್‌ಲ್ಯಾಂಡಿನ ಕಿಂಗ್ಸ್‌ಮೆನ್ ತಂಡ 1963ರಲ್ಲಿ ಧ್ವನಿಮುದ್ರಿಸಿದ ‘ಲೂಯಿ ಲೂಯಿ’ ಹಾಡಿನ ಮಾತು ಯಾರಿಗೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅದರಲ್ಲಿ ಅಶ್ಲೀಲವಿದೆಯೇ ಎಂದು ಎಫ್‌ಬಿಐ ತನಿಖೆಯನ್ನೇ ನಡೆಸಿತು!

ವಾಷಿಂಗ್ಟನ್ ರಾಜ್ಯದ ಟಕೋಮಾ ಊರಿನ ಸೋನಿಕ್ಸ್ ತಂಡದ್ದು ಇಂಥ ತಂಡಗಳ ಮಾದರಿ ಜಾತಕ. 1960ರಲ್ಲಿ ಹುಟ್ಟಿತು, ತನ್ನ ಸೀಮೆಯ ಹಾಲ್‌ಗಳಲ್ಲಿ ಟಿಕೆಟ್ ಇಟ್ಟ ಹದಿಹರೆಯದವರ ನೃತ್ಯಕೂಟಗಳಲ್ಲಿ ಬಾರಿಸಿ ಹೆಸರು ಮಾಡಿತು, ದೇಶದ ಮಟ್ಟಕ್ಕೆ ಏರಲಿಲ್ಲ, ಆ ದಶಕದ ಕೊನೆಗೆ ಚದುರಿತು. ಮತ್ತೆ ಕೂಡಿದ್ದು 2007ರಲ್ಲಿ. ನಮ್ಮ ದೇಶದಲ್ಲೂ ಅದೇ ಹೊತ್ತಿಗೆ ಬೀಟ್ ತಂಡಗಳಿದ್ದವು. 1970 ಮತ್ತು 71ರಲ್ಲಿ ಸಿಗರೇಟ್ ಕಂಪನಿಯೊಂದು ‘ಸಿಮ್ಲಾ ಬೀಟ್’ ಹೆಸರಿನ ಸ್ಪರ್ಧೆ ನಡೆಸಿ ಅವರ ಹಾಡುಗಳ ರೆಕಾರ್ಡ್ ಹೊರತಂದಿತು. ಕಂಪನಿಯ ಕಣ್ಣು ಬೇರೆ ಕಡೆ ತಿರುಗಿದ ಮೇಲೆ ಆ ತಂಡಗಳಲ್ಲಿ ಹೆಚ್ಚಿನವು ಕಾಣೆಯಾದವು.

ಹುಡುಗರಿಗೆ ಕೆಲಸ ಸಿಕ್ಕಿತು, ಮದುವೆಯಾಯಿತು, ಗಿಟಾರ್ ಅಟ್ಟಕ್ಕೆ ಹೋಯಿತು. ಒಂದು ಸೀಮೆಯ ತಂಡದ ಆಯಸ್ಸು ಸಾಮಾನ್ಯವಾಗಿ ಇಷ್ಟೇ. ನಮ್ಮ ಕರಾವಳಿಯಲ್ಲಿ ಆ ಶೆಡ್ಡಿನ ಜಾಗದಲ್ಲಿ ಇದ್ದದ್ದು ಮನೆಯ ಜಗುಲಿ. ಮಳೆಗಾಲದಲ್ಲಿ ಅಲ್ಲಿ ವೇಷವಿಲ್ಲದೆ, ಕುಣಿತವಿಲ್ಲದೆ ಕೂತು ನಡೆಸುವ ತಾಳಮದ್ದಳೆಯೇ ಹುಡುಗರಿಗೆ ಮೊದಲ ಪಾಠ. ಯಾರ ಮಾತಿಗೆ ಯಾರು ಏನು ಉತ್ತರ ಕೊಟ್ಟರು, ಯಾರು ಸಿಕ್ಕಿಬಿದ್ದರು ಎಂಬ ಚರ್ಚೆ ಮರುದಿನ ತೋಟದಲ್ಲೂ ನಡೆಯುತ್ತಿತ್ತು.

ಶರಾವತಿಯ ಎರಡು ದಡ

ಹೊನ್ನಾವರದ ನಕ್ಷೆ ಬಿಡಿಸಿ ಕೂತರೆ ಯಕ್ಷಗಾನದ ಹೆಸರುಗಳೇ ಊರುಗಳಾಗಿ ಕಾಣುತ್ತವೆ. ಕರ್ಕಿ, ಗುಣವಂತೆ, ಕಡತೋಕಾ, ಚಿಟ್ಟಾಣಿ, ಜಲವಳ್ಳಿ. ಕುಮಟೆಯ ಕಡೆಗೆ ಹೋದರೆ ಮೂರೂರು. ಭಾಗವತರ, ವೇಷಧಾರಿಗಳ ಹೆಸರಿನ ಹಿಂದೆ ಇವೇ ಊರುಗಳು ಅಂಟಿಕೊಂಡಿವೆ. ಮಳೆಗಾಲಕ್ಕೆ ಗದ್ದೆ, ತೋಟ. ಮಳೆ ನಿಂತ ಮೇಲೆ ತಿರುಗಾಟ. ದೇವಸ್ಥಾನದ ಉತ್ಸವ ಇರಲಿ, ಮನೆಯ ಹರಕೆ ಇರಲಿ, ಆಟ ಆಡಿಸುವುದು ವಾಡಿಕೆ.

ಇವುಗಳಲ್ಲಿ ಹಳೆಯದು ಕರ್ಕಿ ಮೇಳ, ಹಾಸ್ಯಗಾರ ಮನೆತನದ್ದು. ಮರಾಠಿ ರಂಗಭೂಮಿಯ ಚರಿತ್ರೆ ಬರೆಯುವವರು ಉತ್ತರ ಕನ್ನಡದ ಒಂದು ಭಾಗವತ ಮೇಳವನ್ನು ನೆನೆಯದೆ ಮುಂದೆ ಹೋಗುವುದಿಲ್ಲ. 1842ರ ಸುಮಾರಿಗೆ ಆ ಮೇಳ ಸಾಂಗ್ಲಿಯ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರ ಎದುರು ಆಡಿತು. ಅದನ್ನು ಕಂಡ ಅವರು, ಮರಾಠಿಯಲ್ಲೂ ಹೀಗೊಂದು ಆಗಬೇಕೆಂದು ವಿಷ್ಣುದಾಸ ಭಾವೆಗೆ ಹೇಳಿದರು. 1843ರಲ್ಲಿ ಭಾವೆಯವರ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು; ಮರಾಠಿ ನಾಟಕದ ಹುಟ್ಟು ಎಂದು ಗುರುತಿಸುವುದು ಅದನ್ನೇ. ಸಾಂಗ್ಲಿಗೆ ಹೋದದ್ದು ಕರ್ಕಿಯ ಮೇಳವೇ ಎಂದು ನಮ್ಮ ಕಡೆಯ ಯಕ್ಷಗಾನ ಬಲ್ಲವರು ಹೇಳುತ್ತಾರೆ. ರಸ್ತೆ, ಸೇತುವೆ ಇಲ್ಲದ ಕಾಲದಲ್ಲಿ ಪೆಟ್ಟಿಗೆ ಹೊತ್ತು ಘಟ್ಟ ಹತ್ತಿದವರು ಇವರು. ಪ್ರತಿ ವರ್ಷ ನವೆಂಬರ್ 5ರಂದು ಮಹಾರಾಷ್ಟ್ರ ರಂಗಭೂಮಿ ದಿನ ಆಚರಿಸುತ್ತದೆ. ನಾವು ಆ ಮೇಳದ ನೆನಪಿಗೆ ಒಂದು ದಿನವನ್ನೂ ಇಟ್ಟುಕೊಂಡಿಲ್ಲ.

ಗುಣವಂತೆಯ ಶಿವರಾಮ ಹೆಗಡೆ

ಹೊನ್ನಾವರದಿಂದ ಶರಾವತಿ ಸೇತುವೆ ದಾಟಿ ಮುರ್ಡೇಶ್ವರದ ಕಡೆಗೆ ಹೊರಟರೆ ದಾರಿಯಲ್ಲೇ ಸಿಗುವ ಊರು ಗುಣವಂತೆ. ಆತ್ಮಲಿಂಗದ ಕಥೆಯ ಪಂಚಕ್ಷೇತ್ರಗಳಲ್ಲಿ ಒಂದು. ಕೆರೆಮನೆ ಶಿವರಾಮ ಹೆಗಡೆ (1908–1989) ಇಲ್ಲಿಯವರು. ಅವರು ಮೇಳ ಕಟ್ಟಿದ ಕಾಲದಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯದಲ್ಲಿತ್ತು. ಜಿಲ್ಲೆಯಲ್ಲಿ ಕರನಿರಾಕರಣೆಯ ಬಿಸಿ ಇನ್ನೂ ಆರಿರಲಿಲ್ಲ, ಜಮೀನು ಕಳೆದುಕೊಂಡ ಕುಟುಂಬಗಳಿದ್ದವು. ಹಣ ಹಾಕಿ ಮೇಳ ಹೊರಡಿಸಲು ಒಳ್ಳೆಯ ಕಾಲವಂತೂ ಆಗಿರಲಿಲ್ಲ.

ಮೇಳಕ್ಕೆ ಇಡಗುಂಜಿ ಗಣಪತಿಯ ಹೆಸರಿಟ್ಟರು. ಇಲ್ಲಿ ಒಂದು ವ್ಯತ್ಯಾಸ ತಿಳಿದುಕೊಳ್ಳಬೇಕು. ದಕ್ಷಿಣದ ಮಂದಾರ್ತಿ, ಕಟೀಲಿನಂಥ ಕ್ಷೇತ್ರಗಳಲ್ಲಿ ದೇವಸ್ಥಾನದ ಮೇಳಗಳೇ ಇವೆ. ಭಕ್ತರು ಹರಕೆ ಹೊತ್ತು ಹಣ ಕಟ್ಟುತ್ತಾರೆ, ತಮ್ಮ ಸರದಿ ಬರಲು ವರ್ಷಗಟ್ಟಲೆ ಕಾಯುತ್ತಾರೆ. ಅಲ್ಲಿ ಆಟ ನೋಡಲು ನೂರು ಜನ ಬಂದರೂ ಸಾವಿರ ಜನ ಬಂದರೂ ಮೇಳದ ವರಮಾನಕ್ಕೆ ಧಕ್ಕೆಯಿಲ್ಲ. ಕೆರೆಮನೆಯದು ಹಾಗಲ್ಲ. ದೇವರ ಹೆಸರಿದ್ದರೂ ಹೊಣೆ ಒಂದು ಮನೆಯ ಯಜಮಾನನದ್ದು. ಕರೆದು ವೀಳ್ಯ, ಅಂದರೆ ಆಟದ ಹಣ, ಕೊಡುವವರು ಇದ್ದರೆ ಆಟ. ಇಲ್ಲದಿದ್ದರೆ ಕಲಾವಿದರ ಊಟವೂ ಯಜಮಾನನ ಲೆಕ್ಕಕ್ಕೇ. ಲಾಭ ಬಂದ ವರ್ಷಕ್ಕಿಂತ ಮನೆಯ ಅಕ್ಕಿ ಕರಗಿದ ವರ್ಷಗಳೇ ಹೆಚ್ಚು ಎಂಬುದು ಇಂಥ ಖಾಸಗಿ ಮೇಳ ನಡೆಸಿದವರೆಲ್ಲರ ಅನುಭವ.

ಶಿವರಾಮ ಹೆಗಡೆ ಸ್ವತಃ ಎತ್ತರದ ನಟ. ಹಳ್ಳಿಯ ಬಯಲಾಟದ ವೇಷಧಾರಿಗೆ ದೆಹಲಿಯ ಪ್ರಶಸ್ತಿ ಎಂಬುದನ್ನು ಯಾರೂ ಯೋಚಿಸದಿದ್ದ ಕಾಲದಲ್ಲಿ, 1970ರ ದಶಕದ ಆರಂಭದಲ್ಲಿ, ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಗೌರವ ಅವರಿಗೆ ಬಂತು. ಅದೇ ಮನೆತನದ ಮಹಾಬಲ ಹೆಗಡೆ (1927–2009) ಹಾಡಿಗೂ ಅಭಿನಯಕ್ಕೂ ಸೈ ಎನಿಸಿಕೊಂಡವರು. ಸ್ತ್ರೀವೇಷಕ್ಕೆ ಗಜಾನನ ಹೆಗಡೆ. ಒಂದೇ ಅಂಗಳದಲ್ಲಿ ಇಷ್ಟು ಮಂದಿ ಇದ್ದುದು ಮೇಳಕ್ಕೆ ದೊಡ್ಡ ಆಸ್ತಿ. ನಟರು ಮನೆಯವರೇ ಆದರೆ ಸಂಬಳ ತಡವಾದರೂ ಮೇಳ ಒಡೆಯುವುದಿಲ್ಲ.

ಭಾಗವತರೇ ಮೊದಲ ವೇಷ

ರಂಗದ ಮೇಲೆ ಕುಣಿಯುವವರು ಮುಮ್ಮೇಳ. ಅವರ ಹಿಂದೆ ಕೂತು ಹಾಡುವ, ಬಾರಿಸುವ ಪುಟ್ಟ ತಂಡ ಹಿಮ್ಮೇಳ: ಭಾಗವತರು, ಮದ್ದಳೆ, ಚಂಡೆ, ಶ್ರುತಿಗೆ ಹಾರ್ಮೋನಿಯಂ. ಹಿಂದೆ ಶ್ರುತಿಗೆ ಪುಂಗಿ ಇತ್ತು, ಈಗ ಅನೇಕ ಕಡೆ ವಿದ್ಯುತ್ ಶ್ರುತಿಪೆಟ್ಟಿಗೆ. ಯಕ್ಷಗಾನದಲ್ಲಿ ಭಾಗವತರೇ ಮೊದಲನೆಯ ವೇಷ ಎಂಬ ಮಾತಿದೆ. ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಯಾವ ಪದ್ಯ ಹಾಡಬೇಕು, ಯಾವುದನ್ನು ಬಿಡಬೇಕು, ಯಾವುದನ್ನು ನಿಧಾನಕ್ಕೆ ಎಳೆಯಬೇಕು ಎಂಬುದು ಭಾಗವತರ ತೀರ್ಮಾನ. ಪದ್ಯ ಮುಗಿದ ಕೂಡಲೇ ವೇಷಧಾರಿ ಅದರ ಅರ್ಥವನ್ನು ತನ್ನದೇ ಮಾತಿನಲ್ಲಿ ಹೇಳಬೇಕು; ಬರೆದ ಸಂಭಾಷಣೆ ಇಲ್ಲ. ಎದುರು ಪಾತ್ರದವನು ಏನು ಕೇಳುತ್ತಾನೆಂದು ಅವನಿಗೂ ಮೊದಲೇ ಗೊತ್ತಿರುವುದಿಲ್ಲ. ಮಾತು ಉದ್ದವಾಯಿತೆನ್ನಿಸಿದರೆ ಭಾಗವತರು ತಾಳ ತಟ್ಟಿ ಮುಂದಿನ ಪದ್ಯ ಎತ್ತಿಬಿಡುತ್ತಾರೆ. ಆ ಒಂದು ತಟ್ಟಿಗೆ ಎಂಥ ಹೆಸರಾಂತ ನಟನೂ ಬಾಯಿ ಮುಚ್ಚಲೇಬೇಕು.

ನಮ್ಮ ಕಡೆಯದು ಬಡಗುತಿಟ್ಟು, ಅಂದರೆ ಉತ್ತರದ ಶೈಲಿ. ಚಂಡೆಯವರು ಕೂತೇ ಬಾರಿಸುತ್ತಾರೆ. ದಕ್ಷಿಣದ ತೆಂಕುತಿಟ್ಟಿನಲ್ಲಿ ಚೆಂಡೆ ಹೆಗಲಿಗೆ ಹಾಕಿ ನಿಂತು. ಏಕ, ರೂಪಕ, ಝಂಪೆ, ತ್ರಿವುಡೆ, ಅಷ್ಟ ಎಂದು ತಾಳಗಳು. ಉತ್ತರ ಕನ್ನಡದವರು ಅಬ್ಬರಕ್ಕಿಂತ ಅಭಿನಯ ಮೆಚ್ಚುವವರು. ಒಂದೇ ಪದ್ಯದ ಒಂದೇ ಸಾಲನ್ನು ಭಾಗವತರು ಮತ್ತೆ ಮತ್ತೆ ಹಾಡುತ್ತಾರೆ, ನಟ ಪ್ರತಿ ಬಾರಿ ಬೇರೆ ಭಾವ ತೋರಿಸುತ್ತಾನೆ, ಮದ್ದಳೆಯವನ ಕಣ್ಣು ನಟನ ಕಾಲಿನ ಮೇಲೆ. ಕೆರೆಮನೆ ಮೇಳದಲ್ಲಿ ದಶಕಗಳ ಕಾಲ ಈ ಆಸನದಲ್ಲಿ ಕೂತವರು ಶಿರಸಿ ಸೀಮೆಯ ನೆಬ್ಬೂರು ನಾರಾಯಣ ಭಾಗವತರು. ಪದ್ಯದ ಸಾಹಿತ್ಯ ಸ್ಪಷ್ಟವಾಗಿ ಕಿವಿಗೆ ಬೀಳುವ ಹಾಗೆ, ನಟನಿಗೆ ಜಾಗ ಬಿಟ್ಟು ಹಾಡುವ ಅವರ ರೀತಿ ಮೇಳದ ಗುರುತೇ ಆಯಿತು. 2019ರಲ್ಲಿ ಅವರು ತೀರಿಕೊಂಡರು.

ಒಳ್ಳೆಯ ವೇಷಧಾರಿ ಇಲ್ಲದೆಯೂ ಆಟ ಒಂದು ಮಟ್ಟಕ್ಕೆ ನಡೆದೀತು. ಹಿಮ್ಮೇಳ ಕೆಟ್ಟರೆ ಮುಗಿಯಿತು. ಮೇಳ ಕಟ್ಟುವವರು ಮೊದಲು ಭಾಗವತರನ್ನು ಗೊತ್ತುಮಾಡಿಕೊಳ್ಳುವುದು ಇದಕ್ಕೇ.

ಡೇರೆಯ ದಿನಗಳು

20ನೆಯ ಶತಮಾನದ ನಡುವಿಗೆ ಕರಾವಳಿಯಲ್ಲಿ ಡೇರೆ ಮೇಳಗಳು ಬಂದವು. ಬಯಲಿಗೆ ಡೇರೆ ಎಳೆದು, ಬಾಗಿಲಲ್ಲಿ ಟಿಕೆಟ್ ಕೌಂಟರ್ ಇಟ್ಟರು. ನೆಲ, ಬೆಂಚು, ಕುರ್ಚಿ ಎಂದು ದರ ಬೇರೆಬೇರೆ. ದೊಂದಿ, ಗ್ಯಾಸ್‌ಲೈಟು ಹೋಗಿ ಜನರೇಟರ್, ಮೈಕು ಬಂದವು. ಅಲ್ಲಿಯವರೆಗೆ ಕರೆಸಿದವನು ಹಣ ಕೊಡುತ್ತಿದ್ದ, ಊರೆಲ್ಲ ಪುಕ್ಕಟೆ ನೋಡುತ್ತಿತ್ತು. ಈಗ ನೋಡುವವನೇ ಹಣ ಕೊಡಬೇಕಾಯಿತು. ಇದು ಸಣ್ಣ ಬದಲಾವಣೆಯಲ್ಲ. ಟಿಕೆಟ್ ಕೊಂಡವನಿಗೆ ಬೇಸರ ಬಂದರೆ ನಾಳೆ ಬರುವುದಿಲ್ಲ. ಹಾಗಾಗಿ ಆಟ ಅವನ ರುಚಿಯ ಕಡೆಗೆ ವಾಲತೊಡಗಿತು.

ಕಂತ್ರಾಟು ಆಟ ಎಂಬುದೂ ಇದರ ಜೊತೆಗೇ ಬೆಳೆಯಿತು. ಊರಿನ ಯಾರಾದರೂ, ಒಬ್ಬ ಅಂಗಡಿಯವನೋ ಯುವಕ ಸಂಘವೋ, ಒಂದು ರಾತ್ರಿಯ ಆಟವನ್ನು ಇಡಿಗಂಟು ಕೊಟ್ಟು ಹಿಡಿಯುತ್ತಾರೆ. ಗೇಟಿನ ಹಣ ಅವರದು. ಮಳೆ ಬಂದರೆ, ಪಕ್ಕದೂರಿನಲ್ಲಿ ಇನ್ನೊಂದು ಆಟ ಬಿದ್ದರೆ ನಷ್ಟವೂ ಅವರದು. ಮೇಳಕ್ಕೆ ಇದು ನೆಮ್ಮದಿಯ ವ್ಯವಸ್ಥೆ. ಆದರೆ ಹಿಡಿದವನು ತನ್ನ ದುಡ್ಡು ಎತ್ತಲು ಹೆಸರಿರುವ ನಟರನ್ನು, ಹೊಸ ಪ್ರಸಂಗವನ್ನು ಕೇಳುತ್ತಾನೆ. ಸಿನಿಮಾ ಕಥೆಯ ಧಾಟಿಯ ಪ್ರಸಂಗಗಳು ಬಂದದ್ದು ಈ ಒತ್ತಡದಿಂದಲೇ.

ಕಲಾವಿದರ ಬದುಕು ಮುಂಗಡದ ಮೇಲೆ ನಿಂತಿತು. ಮಳೆಗಾಲದಲ್ಲಿ ಮನೆಯಲ್ಲಿ ದುಡ್ಡಿಗೆ ಬರ. ಆ ಹೊತ್ತಿಗೆ ಯಜಮಾನ ಮುಂದಿನ ತಿರುಗಾಟದ ಮುಂಗಡ ಕೊಟ್ಟು ಮಾತು ತೆಗೆದುಕೊಳ್ಳುತ್ತಾನೆ. ಹೆಚ್ಚು ಮುಂಗಡ ಕೊಟ್ಟವನ ಮೇಳಕ್ಕೆ ಕಲಾವಿದ ಹಾರುತ್ತಾನೆ. ಹೊನ್ನಾವರದವರೇ ಆದ ಚಿಟ್ಟಾಣಿ ರಾಮಚಂದ್ರ ಹೆಗಡೆ (1933–2017) ಹೀಗೆ ಹಲವು ಮೇಳಗಳಲ್ಲಿ ಕುಣಿದರು. ಅವರ ಭಸ್ಮಾಸುರ, ಕೀಚಕ ನೋಡಲು ಜನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. 2012ರಲ್ಲಿ ಪದ್ಮಶ್ರೀ ಬಂತು. ಯಕ್ಷಗಾನ ಕಲಾವಿದರೊಬ್ಬರಿಗೆ ಅದು ಮೊದಲು. ಹಾಡುಗಾರರಲ್ಲಿ ಸಾಲಿಗ್ರಾಮ ಮೇಳದ ಗುಂಡ್ಮಿ ಕಾಳಿಂಗ ನಾವಡರು ಇದೇ ಡೇರೆಯ ಯುಗದ ತಾರೆ. ಅವರ ಕ್ಯಾಸೆಟ್ಟು ಇಲ್ಲದ ಹೋಟೆಲು, ಬಸ್ಸು ಕರಾವಳಿಯಲ್ಲಿ ಅಪರೂಪವಾಗಿತ್ತು. 1990ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ರಸ್ತೆ ಅಪಘಾತದಲ್ಲಿ ಹೋದರು. ಇವತ್ತಿನ ಎಷ್ಟೋ ಭಾಗವತರ ಕಂಠದಲ್ಲಿ ಅವರ ಧಾಟಿ ಇನ್ನೂ ಕೇಳಿಸುತ್ತದೆ.

ಶಿವರಾಮ ಹೆಗಡೆಯವರ ಮಗ ಶಂಭು ಹೆಗಡೆ (1938–2009) ಕೆರೆಮನೆ ಮೇಳವನ್ನು ಕೈಗೆ ತೆಗೆದುಕೊಂಡದ್ದು ಈ ಪೈಪೋಟಿಯ ನಡುವೆ. ಅವರು ದೆಹಲಿಯಲ್ಲಿ ಮಾಯಾ ರಾವ್ ಅವರ ಬಳಿ ನೃತ್ಯ ಸಂಯೋಜನೆ ಕಲಿತು ಬಂದವರು. ಯಾವ ಹೆಜ್ಜೆ ಏಕೆ, ರಂಗದ ಯಾವ ಮೂಲೆಯಿಂದ ಪ್ರವೇಶ, ಬಣ್ಣದ ಮೇಲೆ ಬೆಳಕು ಹೇಗೆ ಬೀಳಬೇಕು ಎಂದು ಯೋಚಿಸುವ ಅಭ್ಯಾಸ ಅಲ್ಲಿಂದ ಬಂತು. 1970ರ ದಶಕದಲ್ಲಿ ಕೆರೆಮನೆ ಮೇಳವೂ ಡೇರೆ ಕಟ್ಟಿ ವೃತ್ತಿಮೇಳವಾಗಿ ತಿರುಗಿತು. ಪುರಾಣದ ಪ್ರಸಂಗಗಳನ್ನು ಬಿಟ್ಟುಕೊಡಲಿಲ್ಲ. ಟಿಕೆಟ್ ಮಾರಬೇಕು, ಆದರೆ ಟಿಕೆಟ್ ಕೊಳ್ಳುವವನ ಕೈಗೆ ಆಟವನ್ನು ಪೂರ್ತಿ ಒಪ್ಪಿಸಬಾರದು ಎಂಬುದು ಅವರ ಹಟ.

ಹಟಕ್ಕೆ ಬೆಲೆ ತೆರಬೇಕಾಯಿತು. ಡೇರೆ ಮೇಳದ ಖರ್ಚು ಪ್ರತಿ ರಾತ್ರಿಯದು: ಐವತ್ತು ಅರುವತ್ತು ಜನರ ಊಟ, ಲಾರಿ, ಜನರೇಟರ್, ಡೇರೆ ಕಟ್ಟುವ ಆಳು. ಒಂದು ವಾರ ಕಲೆಕ್ಷನ್ ಬಿದ್ದರೆ ಮುಂದಿನ ತಿಂಗಳೆಲ್ಲ ಸಾಲದ ಬಡ್ಡಿಗೆ. 1980ರ ದಶಕದಲ್ಲಿ ಟೀವಿಯೂ ಬಂತು. ಕೆರೆಮನೆ ಮೇಳ ಡೇರೆ ಮಡಚಿತು. ಆ ಕಾಲದಲ್ಲಿ ಡೇರೆ ಮಡಚಿದ ಬೇರೆ ಮೇಳಗಳಲ್ಲಿ ಹಲವು ಅಲ್ಲಿಗೇ ಮುಗಿದವು.

ಮಡಚಿದ ಮೇಲೆ

ಶಂಭು ಹೆಗಡೆ ಮುಂದೆ ಮಾಡಿದ ಎರಡು ಕೆಲಸಗಳಿಂದಾಗಿಯೇ ಕೆರೆಮನೆ ಇವತ್ತೂ ಇದೆ ಎಂದು ನನ್ನ ಅನಿಸಿಕೆ.

ಮೊದಲನೆಯದು ಶಾಲೆ. 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ರಂಗ ಶಿಕ್ಷಣ ಕೇಂದ್ರ ಶುರುವಾಯಿತು. ಅಲ್ಲಿಯವರೆಗೆ ಕಲಿಯುವುದೆಂದರೆ ಮೇಳಕ್ಕೆ ಸೇರುವುದು, ಪೂರ್ವರಂಗದ ಕೋಡಂಗಿ, ಬಾಲಗೋಪಾಲ ವೇಷ ಕುಣಿಯುವುದು, ಉಳಿದ ಹೊತ್ತು ಚೌಕಿಯಲ್ಲಿ ಹಿರಿಯರ ಕಾಲ್ಗೆಜ್ಜೆ ಕಟ್ಟುತ್ತ ಕಣ್ಣಿಗೆ ಬಿದ್ದಷ್ಟನ್ನು ಹಿಡಿಯುವುದು. ಗುಣವಂತೆಯಲ್ಲಿ ಹುಡುಗರು ಅಲ್ಲೇ ಉಳಿದು, ದಿನದ ವೇಳಾಪಟ್ಟಿಗೆ ಒಳಗಾಗಿ, ಹೆಜ್ಜೆ, ತಾಳ, ಅಭಿನಯ, ಬಣ್ಣಗಾರಿಕೆ ಕಲಿಯುವ ಏರ್ಪಾಡಾಯಿತು. ಮೇಳ ಆಡದ ದಿನವೂ ಮೇಳದ ಕೆಲಸ ನಡೆಯುವಂತಾಯಿತು.

ಎರಡನೆಯದು ಸಮಯಮಿತಿ. ರಾತ್ರಿ ಒಂಬತ್ತಕ್ಕೆ ಶುರುವಾಗಿ ಬೆಳಗಿನ ಮಂಗಳದವರೆಗೆ ನಡೆಯುವ ಆಟವನ್ನು ಎರಡೂವರೆ ಮೂರು ಗಂಟೆಗೆ ಇಳಿಸುವುದು. ಬೆಂಗಳೂರು, ದೆಹಲಿಯ ಸಭಾಂಗಣಗಳಿಗೆ, ವಿದೇಶದ ಉತ್ಸವಗಳಿಗೆ ಬೇಕಾಗಿದ್ದುದು ಇದೇ. ಹಣ ಕೊಡುವವರು ಮತ್ತೊಮ್ಮೆ ಬದಲಾದರು: ಅಕಾಡೆಮಿ, ಸಂಸ್ಕೃತಿ ಇಲಾಖೆ, ಹೊರನಾಡಿನ ಕನ್ನಡ ಸಂಘ. ಶಂಭು ಹೆಗಡೆ ಪ್ರಸಂಗವನ್ನು ಸುಮ್ಮನೆ ಕತ್ತರಿಸಲಿಲ್ಲ. ಪದ್ಯಗಳನ್ನು ಆರಿಸಿ, ಕುಣಿತಕ್ಕೂ ಮಾತಿಗೂ ಪಾಲು ಹಾಕಿ ಹೊಸದಾಗಿ ಕಟ್ಟಿದರು. 1993ರಲ್ಲಿ, ಸುಮಾರು 20 ವರ್ಷದ ಹಿಂದೆ ತಂದೆಗೆ ಸಂದಿದ್ದ ಅದೇ ಅಕಾಡೆಮಿ ಗೌರವ ಮಗನಿಗೂ ಬಂತು.

ಸಮಯಮಿತಿಯಿಂದ ಕಳೆದುಹೋದದ್ದೂ ಇದೆ, ಅದನ್ನು ಮುಚ್ಚಿಡಬೇಕಿಲ್ಲ. ಇಡೀ ರಾತ್ರಿಯ ಆಟದಲ್ಲಿ ನಡುರಾತ್ರಿ ದಾಟಿದ ಮೇಲೆ ಬರುವ ನಿಧಾನದ ಘಟ್ಟ ಒಂದಿರುತ್ತಿತ್ತು. ಮಕ್ಕಳು ಮಲಗಿರುತ್ತಿದ್ದರು, ಮಂಡಕ್ಕಿಯವನ ಕೂಗು ನಿಂತಿರುತ್ತಿತ್ತು, ಉಳಿದವರು ನಿಜವಾದ ರಸಿಕರು. ಇಬ್ಬರು ಹಿರಿಯ ಅರ್ಥಧಾರಿಗಳು ಆಗ ಎದುರಾದರೆ ಒಂದು ಪದ್ಯಕ್ಕೆ ಅರ್ಧ ಗಂಟೆ. ಮೂರು ಗಂಟೆಯ ಆಟದಲ್ಲಿ ಅದಕ್ಕೆ ಜಾಗವಿಲ್ಲ. ಮಾತನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕಾಗುತ್ತದೆ, ಆಶುವಿನ ಬಿಸಿ ಸ್ವಲ್ಪ ಆರುತ್ತದೆ. ಪೂರ್ವರಂಗದ ಕೋಡಂಗಿ, ಬಾಲಗೋಪಾಲ ವೇಷಗಳು ನೆಪಕ್ಕೆ ಉಳಿದವು. ಅವು ಹೊಸ ಹುಡುಗರ ಮೊದಲ ಮೆಟ್ಟಿಲಾಗಿದ್ದವು. ಮೆಟ್ಟಿಲು ಹೋದ ಮೇಲೆ ಶಾಲೆ ಇನ್ನೂ ಅಗತ್ಯವಾಯಿತು. ಆದರೂ ಬೆಳಿಗ್ಗೆ ಆಫೀಸಿಗೆ ಹೋಗಬೇಕಾದವರು ತುಂಬಿದ ಊರುಗಳಲ್ಲಿ ಬೇರೆ ದಾರಿ ಇರಲಿಲ್ಲ. ಇವತ್ತು ಇಡೀ ರಾತ್ರಿಯ ಆಟ ಎಂದು ಹೆಸರಾದ ಮೇಳಗಳೇ ಮಧ್ಯರಾತ್ರಿಯೊಳಗೆ ಮುಗಿಸುವುದನ್ನು ಕಾಣುತ್ತೇವೆ. ಕೆರೆಮನೆಯವರು ಅದನ್ನು ಮೊದಲೇ, ಯೋಚಿಸಿ ಮಾಡಿದರು.

2009

ಆ ವರ್ಷದ ಫೆಬ್ರುವರಿ ಆರಂಭದಲ್ಲಿ ರಥಸಪ್ತಮಿ. ಇಡಗುಂಜಿಯಲ್ಲಿ ತೇರಿನ ಸಂದರ್ಭದ ಆಟ, ಪ್ರಸಂಗ ಲವಕುಶ. ಶಂಭು ಹೆಗಡೆಯವರದು ರಾಮನ ವೇಷ. ವೇಷದಲ್ಲಿದ್ದಾಗಲೇ ಅಸ್ವಸ್ಥರಾದರು, ಮತ್ತೆ ಚೇತರಿಸಿಕೊಳ್ಳಲಿಲ್ಲ. ಮೇಳಕ್ಕೆ ಯಾವ ದೇವರ ಹೆಸರಿತ್ತೋ ಆ ದೇವರ ಎದುರಿನ ಆಟವೇ ಅವರ ಕೊನೆಯ ಆಟವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮಹಾಬಲ ಹೆಗಡೆಯವರೂ ಹೋದರು. ಒಂದೇ ವರ್ಷದಲ್ಲಿ ಮನೆಯ ಎರಡು ದೊಡ್ಡ ವೇಷಗಳು ಇಲ್ಲವಾದವು.

ಯಜಮಾನನೇ ಮುಖ್ಯ ನಟನಾಗಿರುವ ಮೇಳಗಳು ಇಂಥ ಹೊತ್ತಿನಲ್ಲಿ ನಿಲ್ಲುವುದೇ ಸಹಜ. ಇಲ್ಲಿ ನಿಲ್ಲಲಿಲ್ಲ. ಶಂಭು ಹೆಗಡೆಯವರ ಮಗ ಶಿವಾನಂದ ಹೆಗಡೆ ಅಷ್ಟರಲ್ಲಿ ಮೇಳದ ಕೆಲಸವನ್ನೂ ಶಾಲೆಯನ್ನೂ ಒಳಗಿನಿಂದ ಬಲ್ಲವರಾಗಿದ್ದರು. ಶಾಲೆಯಲ್ಲಿ ಕಲಿತ ಹುಡುಗರು ವೇಷ ಕಟ್ಟಲು ತಯಾರಿದ್ದರು. ಮರುವರ್ಷದಿಂದ ಗುಣವಂತೆಯಲ್ಲಿ ಶಂಭು ಹೆಗಡೆಯವರ ಹೆಸರಿನ ರಾಷ್ಟ್ರೀಯ ನಾಟ್ಯೋತ್ಸವ ನಡೆಯತೊಡಗಿತು. ಕರಾವಳಿಯ ಒಂದು ಹಳ್ಳಿಯ ಜನ ಮನೆ ಬಾಗಿಲಲ್ಲೇ ಬೇರೆ ಬೇರೆ ರಾಜ್ಯಗಳ ನೃತ್ಯ, ನಾಟಕ ನೋಡುವಂತಾದದ್ದು ಇದರಿಂದ. ಶಿವಾನಂದರ ಮಗ ಶ್ರೀಧರ ಹೆಗಡೆ ಈಗ ರಂಗದಲ್ಲಿದ್ದಾರೆ. ಅದು ನಾಲ್ಕನೆಯ ತಲೆಮಾರು.

ಈಗಿನ ಲೆಕ್ಕ

2024ರಲ್ಲಿ ಯುನೆಸ್ಕೋ ಈ ಮಂಡಳಿಗೆ ಮಾನ್ಯತೆ ಕೊಟ್ಟಿತು. ಪತ್ರಿಕೆಗಳಲ್ಲಿ ಬಂದ ಸುದ್ದಿ ಓದಿ ಯಕ್ಷಗಾನವೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು ಎಂದು ಕೆಲವರು ತಿಳಿದರು. ಅದು ಬೇರೆ, ಇದು ಬೇರೆ. ಅಮೂರ್ತ ಪರಂಪರೆಯ ರಕ್ಷಣೆಗಾಗಿ 2003ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಅಡಿಯಲ್ಲಿ, ಸಲಹೆ ಕೊಡಬಲ್ಲ ಸರ್ಕಾರೇತರ ಸಂಸ್ಥೆ ಎಂದು ಮಂಡಳಿಯನ್ನು ಗುರುತಿಸಲಾಗಿದೆ. ಯಕ್ಷಗಾನ ತಂಡವೊಂದಕ್ಕೆ ಇದು ದೊಡ್ಡ ಗೌರವ. ಆದರೆ ಇದರಿಂದ ಮೇಳದ ಖಾತೆಗೆ ತಿಂಗಳು ತಿಂಗಳು ಹಣವೇನೂ ಬೀಳುವುದಿಲ್ಲ. ಪ್ರಶಸ್ತಿ ಬಂದ ಮೇಲೆ ಮೇಳದ ಕಷ್ಟ ತೀರಿತು ಎಂದು ಊರವರು ಅಂದುಕೊಳ್ಳುವುದು ಹೊಸತಲ್ಲ.

ಕರಾವಳಿಯಲ್ಲಿ ಇವತ್ತು ಯಕ್ಷಗಾನಕ್ಕೆ ಜನ ಕಡಿಮೆಯಾಗಿಲ್ಲ. ಮೊಬೈಲಿನಲ್ಲಿ ಆಟದ ತುಣುಕು ನೋಡುವವರು ಲೆಕ್ಕಕ್ಕೆ ಸಿಗದಷ್ಟು. ಹರಕೆಯ ಮೇಳಗಳಿಗೆ ಬಿಡುವಿಲ್ಲ. ಕಷ್ಟ ಇರುವುದು ನಡುವಿನವರಿಗೆ, ಅಂದರೆ ದೇವಸ್ಥಾನದ ಬೆಂಬಲವೂ ಇಲ್ಲದ, ದೊಡ್ಡ ಡೇರೆಯ ಗೇಟೂ ಇಲ್ಲದ ತಂಡಗಳಿಗೆ. ಹೆಸರಾದ ನಾಲ್ಕಾರು ಅತಿಥಿ ಕಲಾವಿದರನ್ನು ಸೇರಿಸಿ ಒಂದು ಸಂಜೆಯ ಆಟ ಮಾಡುವುದು ಸುಲಭ. ಒಂದೇ ಹಿಮ್ಮೇಳ, ಒಂದೇ ಮುಮ್ಮೇಳ ವರ್ಷಗಟ್ಟಲೆ ಜೊತೆಗಿದ್ದು ಒಬ್ಬರ ಉಸಿರು ಇನ್ನೊಬ್ಬರಿಗೆ ಗೊತ್ತಾಗುವ ಹಾಗೆ ಆಡುವುದು ಕಷ್ಟ, ದುಬಾರಿ ಕೂಡ. ಎರಡಕ್ಕೂ ಇರುವ ವ್ಯತ್ಯಾಸ ಮೊದಲ ಹತ್ತು ನಿಮಿಷದಲ್ಲೇ ಕಿವಿಗೆ ಬೀಳುತ್ತದೆ. ಜೊತೆಗೆ ಪಳಗದ ಹಿಮ್ಮೇಳದಲ್ಲಿ ಚಂಡೆ ಮುಂದೆ ಓಡುತ್ತದೆ, ಮದ್ದಳೆ ಅದನ್ನು ಹಿಡಿಯಲು ಹೆಣಗುತ್ತದೆ, ಭಾಗವತರು ಇಬ್ಬರ ಮುಖವನ್ನೂ ನೋಡುತ್ತಾರೆ.

ಸೇತುವೆ, ಹೆದ್ದಾರಿ, ರೈಲು ಎಲ್ಲ ಆಗಿರುವುದರಿಂದ ಹೊನ್ನಾವರಕ್ಕಾಗಲಿ ಮುರ್ಡೇಶ್ವರಕ್ಕಾಗಲಿ ಬರುವುದು ಈಗ ಕಷ್ಟವಲ್ಲ. ಮುರ್ಡೇಶ್ವರದ ದೊಡ್ಡ ಶಿವನನ್ನು ನೋಡಿ ಹೋಗುವವರು ದಾರಿಯಲ್ಲಿ ಗುಣವಂತೆಯ ಫಲಕ ಕಂಡರೆ ಒಮ್ಮೆ ನಿಲ್ಲಿಸಿ ಕೇಳಿ, ಇಲ್ಲಿ ಮುಂದಿನ ಆಟ ಯಾವಾಗ ಎಂದು. ಟಿಕೆಟ್ ಇಟ್ಟಿದ್ದರೆ ಟಿಕೆಟ್ ಕೊಂಡೇ ಒಳಗೆ ಹೋಗಿ; ಗುರುತಿನವರಿದ್ದಾರೆಂದು ಪಾಸ್ ಕೇಳಬೇಡಿ. ನಿಮ್ಮೂರಿನ ಸಂಘದ ವಾರ್ಷಿಕೋತ್ಸವಕ್ಕೆ ಮೇಳ ಕರೆಸುವುದಿದ್ದರೆ ವೀಳ್ಯದ ಮಾತನ್ನು ಮೊದಲೇ ಆಡಿ, ಆಟ ಮುಗಿದ ರಾತ್ರಿಯೇ ಹಣ ಕೈಗೆ ಕೊಟ್ಟು ಕಳಿಸಿ.